ಘನೀಯಾ ಕುಡಿಯದೆ ಇಟ್ಟ ಕಾಫಿ

ರೇಡಿಯೋ ಹಾಕದಿದ್ದರೆ ಘನೀಯಾಳ ಎಮ್ಮೆಗಳು ಹಾಲು ಇಳಿಸುವುದಿಲ್ಲ. ಮೊದಲ ಸಲ ಇದನ್ನು ಕೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆಮೇಲೆ ನಗು ತಾನಾಗಿಯೇ ನಿಂತಿತು. ಏಕೆಂದರೆ ಬಾಗ್ದಾದಿನಿಂದ ದೂರ ದಕ್ಷಿಣಕ್ಕೆ, ಜೌಗಿನ ಅಂಚಿನಲ್ಲಿರುವ ಚಿಬಾಯಿಷ್ ಪೇಟೆಯ ನಮ್ಮ ಪುಟ್ಟ ರೇಡಿಯೋದಲ್ಲಿ ಬೆಳಗಿನ ಸುದ್ದಿ ಓದುವವನು ನಾನೇ, ಮಿಕ್ದಾದ್. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಆ ಕಿನ್ನರಿ ನಾನೇ ಎಂದು ತಿಳಿದಾಗ ಯಾರಿಗೆ ತಾನೇ ನಗು ಬಂದೀತು?

"ಮುಖ ಯಾಕ್ಲಾ ಹಂಗೆ ಗಂಟು ಹಾಕ್ಕೊಂಡೆ?" ಎಂದಿದ್ದಳು ಘನೀಯಾ. "ನೀನು ಜ್ವರ ಅಂತ ಮಲಗಿದ್ಯಲ್ಲ, ಆವತ್ತು ಯಾವನೋ ಮೂಗಲ್ಲಿ ಮಾತಾಡೋನು ಸುದ್ದಿ ಓದ್ದ. ನಮ್ಮ ಕರಿಯವ್ವ ಹಾಲಿನ ಬಕೆಟ್ಟೇ ಒದ್ಬಿಟ್ಲು. ನಿನ್ನ ಗಂಟ್ಲು ಎಮ್ಮೆ ಗಂಟ್ಲು ಕಣ್ಲಾ. ದೇವ್ರು ಕೊಟ್ಟಿದ್ದು, ನಾಚ್ಕೋಬ್ಯಾಡ."

ಅವಳು ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತು ಎಮ್ಮೆ ಹಾಲಿನ ಕೆನೆ ಮಾರುತ್ತಾಳೆ. ಅರವತ್ತು ದಾಟಿದ ಹೆಂಗಸು, ಗಲ್ಲದ ಮೇಲೆ ಮೂರು ನೀಲಿ ಹಚ್ಚೆಚುಕ್ಕೆ. ಬೆಳಗಿನ ಸುದ್ದಿ ಮುಗಿದು ಹಾಲು ಕರೆದಾದ ಮೇಲೆ ಉಮ್ ಅಲ್-ಬತ್ ಎಂಬ ತನ್ನ ಜೌಗಿನೂರಿನಿಂದ ದೋಣಿ ಹುಟ್ಟು ಹಾಕಿಕೊಂಡು ಬಂದು, ತಟ್ಟೆ ಇಳಿಸಿ, ಕೆನೆಯನ್ನು ದಪ್ಪ ದಪ್ಪ ಹೋಳು ಮಾಡಿ ಬಿಸಿ ರೊಟ್ಟಿಯ ಮೇಲಿಡುತ್ತಾಳೆ. ಚೌಕಾಸಿ ಮಾಡಿದವರಿಗೆ ಕೊಡುವುದಿಲ್ಲ. "ಹೋಗಪ್ಪ, ಡಬ್ಬಿ ಬೆಣ್ಣೆ ತಿನ್ಕೊಂಡು ಸುಖವಾಗಿರು" ಎಂದು ಹರಸಿ ಕಳಿಸುತ್ತಾಳೆ. ಆ ಹರಕೆಯ ಬಿಸಿ ತಗುಲಿದವರು ಮರುದಿನ ಬಾಯಿ ಮುಚ್ಚಿಕೊಂಡು ಕೇಳಿದಷ್ಟು ದಿನಾರು ಕೊಡುತ್ತಾರೆ.

ಅವಳ ಬದುಕು ಕೆನೆಯಷ್ಟು ಮೆತ್ತಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಸರ್ಕಾರದವರು ಜೌಗಿನ ನೀರನ್ನೆಲ್ಲ ಒಡ್ಡು ಕಟ್ಟಿ ಬತ್ತಿಸಿದರಲ್ಲ, ಆಗ ಅವಳ ಜೊಂಡಿನ ಮನೆಗೂ ಬೆಂಕಿ ಬಿತ್ತು. ಗಂಡ ಯಾವುದೋ ಊರಾಚೆಯ ಇಟ್ಟಿಗೆಗೂಡಿನಲ್ಲಿ ಕೆಮ್ಮಿ ಕೆಮ್ಮಿ ಸತ್ತ. ನೀರು ತಿರುಗಿ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಒಂದೇ ಒಂದು ಎಮ್ಮೆಯನ್ನು ಹಗ್ಗದಲ್ಲಿ ಎಳೆದುಕೊಂಡು ಅವಳು ನಡೆದೇ ವಾಪಸು ಬಂದಳು. "ಆ ಸುದ್ದೀನೂ ರೇಡಿಯೋದಲ್ಲೇ ಕೇಳಿದ್ದು" ಎಂದು ಈಗಲೂ ಹೇಳುತ್ತಾಳೆ. ಇಷ್ಟು ವರ್ಷ ಸುಳ್ಳನ್ನೇ ಒದರಿದ ಪೆಟ್ಟಿಗೆ ಒಂದು ದಿನ ನಿಜ ನುಡಿಯಿತು ಎಂದು ಅವಳಿಗೆ ಇನ್ನೂ ಆಶ್ಚರ್ಯ.

ನನಗೂ ಅವಳಿಗೂ ನಂಟು ಬೆಳೆದದ್ದು ನೀರಿಗೆ ಉಪ್ಪು ಏರಿದ ವರ್ಷ. ಸಮುದ್ರದ ಉಪ್ಪು ನದಿಯಲ್ಲಿ ಮೇಲೆ ಮೇಲೆ ಹತ್ತುತ್ತಿತ್ತು. ದೊಡ್ಡ ಕುರ್ಚಿಯವರೆಲ್ಲ "ನೀರು ಚೆನ್ನಾಗಿದೆ, ಗಾಬರಿ ಬೇಡ" ಅನ್ನುತ್ತಿದ್ದರು. ನಮ್ಮ ಸಂಪಾದಕ ಕಾಮಿಲ್ ಮೇಷ್ಟ್ರು ಉಪ್ಪು ಅಳೆಯುವ ಒಂದು ಸಣ್ಣ ಯಂತ್ರ ಕೊಟ್ಟು ನನ್ನನ್ನು ದೋಣಿ ಹತ್ತಿಸಿದರು. ಅದು ತೋರಿಸಿದ್ದನ್ನು ಮಾರನೆಯ ಬೆಳಿಗ್ಗೆ ನಾನು ಇದ್ದ ಹಾಗೆ ಓದಿದೆ. ಹಾಲು ಕರೆಯುತ್ತಿದ್ದ ಘನೀಯಾ ಕರೆಯುವುದನ್ನು ಅರ್ಧಕ್ಕೇ ಬಿಟ್ಟು, ಎಮ್ಮೆಗಳನ್ನು ಮೇಲಿನ ಸಿಹಿನೀರಿಗೆ ಹೊಡೆದುಕೊಂಡು ಹೋದಳು. ಕುರ್ಚಿಯವರ ಮಾತು ನಂಬಿ ಕೂತ ನೆರೆಮನೆಯವನ ಎಮ್ಮೆಗಳು ಹೊಟ್ಟೆ ಉಬ್ಬಿ ಸತ್ತವು. ಆವತ್ತಿನಿಂದ ನನ್ನ ರೊಟ್ಟಿಯ ಮೇಲೆ ಒಂದು ಹೋಳು ಕೆನೆ ಜಾಸ್ತಿ, ಬೈಗುಳವೂ ಜಾಸ್ತಿ. ಸುದ್ದಿಯ ಕೊನೆಗೆ ನೀರಿನ ಉಪ್ಪು ಎಷ್ಟೆಂದು ಓದುವುದನ್ನು ನಾನು ಈವರೆಗೆ ಬಿಟ್ಟಿಲ್ಲ.

ಹೀಗಿರುವಾಗ ದೇಶದ ಚುನಾವಣೆ ಬಂತು.

ನಮ್ಮ ಕಡೆ ಚುನಾವಣೆ ಅಂದರೆ ವರದಿಗಾರರ ಹೆಂಡಂದಿರು ಹರಕೆ ಹೊರುವ ಕಾಲ. ಹಿಂದಿನ ಸಲ ನನ್ನ ಜೊತೆಗಾರ ಸಲಾಹ್ ಎಣಿಕೆಯ ಕೋಣೆಯಲ್ಲಿ ಕಂಡದ್ದನ್ನು ಹೇಳಹೊರಟ. ಹೇಳಿ ಮುಗಿಸುವುದರೊಳಗೆ ಯಾರೋ ಕಬ್ಬಿಣದ ಸಲಾಕೆಯಿಂದ ಮಾತಾಡಿದರು. ಅವನ ಬಲ ಮೊಣಕಾಲು ಇವತ್ತಿಗೂ ಮಡಚುವುದಿಲ್ಲ. ಈಗ ಸಂತೆಯಲ್ಲಿ ಕಾಲು ನೀಡಿಕೊಂಡು ಕೂತು ಮೀನು ಮಾರುತ್ತಾನೆ. "ಬೆಲೆ ಎಷ್ಟಪ್ಪ?" ಎಂದು ಕೇಳಿದರೂ ಬೆರಳು ತೋರಿಸುತ್ತಾನೆಯೇ ಹೊರತು ಬಾಯಿ ಬಿಡುವುದಿಲ್ಲ. ಊರಿನ ಅತ್ಯಂತ ಸೊಗಸಾದ ಮಾತುಗಾರ ಅವನು! ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಈ ಸಲ ನಮ್ಮ ಕಡೆಯಿಂದ ನಿಂತವನು ಲಫ್ತಾ. ಉಮ್ ಅಲ್-ಬತ್ ಕುಲದ ಹಿರಿಯ ಶೇಖ್ ನಾಹಿ ಇದ್ದಾರಲ್ಲ, ಅವರ ತಮ್ಮನ ಮಗ. ಬಾಗ್ದಾದಿನಲ್ಲಿ ಹದಿನೈದು ವರ್ಷ ಇದ್ದು, ಚೂಪು ಮೂತಿಯ ಬೂಟು ಹಾಕಿಕೊಂಡು ಜೌಗಿಗೆ ಬಂದಿದ್ದ. ಆ ಬೂಟಿನಲ್ಲಿ ದೋಣಿ ಹತ್ತುವಾಗ ಅವನನ್ನು ಇಬ್ಬರು ಹಿಡಿದುಕೊಳ್ಳಬೇಕಿತ್ತು.

ಮತದಾನದ ದಿನ ಬೆಳಿಗ್ಗೆ ನಾನು ಕತ್ತಿಗೆ ಚುನಾವಣಾ ಪಾಸು ನೇತುಹಾಕಿಕೊಂಡು ಉಮ್ ಅಲ್-ಬತ್ ಶಾಲೆಗೆ ಹೋದೆ. ಒಳಗೆ ನೋಡಿದರೆ, ಮತದ ಕಾಗದಕ್ಕೆ ಗುರುತು ಹಾಕುವ ಮರೆಪೆಟ್ಟಿಗೆಯ ಹಿಂದೆ ಲಫ್ತಾನ ಇಬ್ಬರು ಆಳುಗಳು ಕೈಕಟ್ಟಿ ನಿಂತಿದ್ದಾರೆ! ಬಂದವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಾರೆ. ಒಬ್ಬ ಮುದುಕಿಯ ಕೈಯಿಂದ ಕಾಗದ ಕಿತ್ತುಕೊಂಡು ತಾವೇ ಗುರುತು ಹಾಕಿದರು. ನನಗೆ ತಡೆಯಲಾಗಲಿಲ್ಲ. ಫೋನ್ ತೆಗೆದು ನೇರ ಪ್ರಸಾರಕ್ಕೆ ಸೇರಿಸಿಕೊಂಡು, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹೆಸರು ಹೇಳಿದೆ, ಅಂಗಿಯ ಬಣ್ಣವನ್ನೂ ಹೇಳಿದೆ. ಹೊರಗೆ ಬರುವಷ್ಟರಲ್ಲಿ ಪಾಸು ಹರಿದು ಎಸೆದರು, ಅಂಗಿ ಹರಿಯಿತು, ಬೆನ್ನಿಗೆ ಎರಡು ಬಿತ್ತು. ಫೋನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರಿಗೆ ಹಾರಿದೆ. "ಹಿಡೀರ್ಲಾ, ಕಾಲು ಮುರೀರಿ ಅವನ್ದು!" ಎಂದು ಹಿಂದೆ ಕೂಗು. ಜೌಗಿನಲ್ಲಿ ಒಂದೊಂದು ಮನೆಗೂ ನೀರಿನ ನಡುವೆ ಒಂದೊಂದು ದಿಬ್ಬ; ಈಜಿಕೊಂಡು ಹತ್ತಿದ ಮೊದಲ ದಿಬ್ಬ ಘನೀಯಾಳದು.

ಅವಳು ಅಂಗಳದಲ್ಲಿ ಬೆರಣಿ ತಟ್ಟುತ್ತಿದ್ದಳು. ಪಕ್ಕದಲ್ಲಿ ರೇಡಿಯೋ ಗೊರಗುಟ್ಟುತ್ತಿತ್ತು. ನಾನು ಓಡಿಹೋಗಿ ಅವಳ ಮನೆಯ ಜೊಂಡಿನ ಕಂಬವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, "ಯಮ್ಮಾ, ನಿನ್ನ ಮರೆ ಹೊಕ್ಕೆ" ಎಂದೆ. ನಮ್ಮಲ್ಲಿ ಅಷ್ಟು ಹೇಳಿದರೆ ಮುಗಿಯಿತು. ಆಮೇಲೆ ಅವನು ಆ ಮನೆಯ ಮಗ, ಅವನಿಗೆ ಬಿದ್ದ ಪೆಟ್ಟು ಮನೆಗೆ ಬಿದ್ದ ಹಾಗೆ.

"ಹೊಕ್ಕಿದ್ದು ಸರಿ ಕಣಪ್ಪ," ಎಂದಳು ಘನೀಯಾ. "ನಾಲ್ಕು ಹಸಿ ಬೆರಣಿ ತುಳ್ಕೊಂಡು ಹೊಕ್ಕಿದ್ದೀಯ. ಮೊದ್ಲು ಕಾಲು ತೊಳ್ಕೊ."

ಅಷ್ಟರಲ್ಲಿ ಎರಡು ದೋಣಿ ಬಂದವು. ಐದಾರು ಜನ, ಮುಂದಿನವನ ಸೊಂಟದಲ್ಲಿ ಪಿಸ್ತೂಲು. ಘನೀಯಾ ಸಗಣಿ ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತಳು.

"ಅಜ್ಜಿ, ಅವ್ನ್ನ ಕೊಡು. ನಿಂಗೂ ನಮ್ಗೂ ಜಗಳ ಬ್ಯಾಡ."

"ಜಗಳ ಯಾಕಪ್ಪ? ಬಾ ಒಳಗೆ. ಹೆಣ್ಣುಮಕ್ಳಿರೋ ಮನೆಗೆ ಪಿಸ್ತೂಲ್ ಇಟ್ಕೊಂಡು ಬರೋನ ಮುಖಕ್ಕೆ ಬೆರಣಿ ತಟ್ಟಿ ಕಳಿಸ್ತೀನಿ. ಒಣಗಿದ್ಮೇಲೆ ನಿಮ್ಮವ್ವಂಗೆ ಒಲೆಗಾಗುತ್ತೆ."

ಅವನ ಜೊತೆಯವರೇ ಕಿಸಕ್ಕನೆ ನಕ್ಕರು. ಒಬ್ಬರೂ ದೋಣಿಯಿಂದ ಇಳಿಯಲಿಲ್ಲ, ಹೋಗಲೂ ಇಲ್ಲ. ಒಬ್ಬ ಶೇಖ್ ನಾಹಿಯ ಮುಧೀಫಿಗೆ ಸುದ್ದಿ ಮುಟ್ಟಿಸಲು ಹೋದ. ಮುಧೀಫ್ ಅಂದರೆ ಕುಲದವರು ಸೇರುವ ಜೊಂಡಿನ ಹಜಾರ. ನ್ಯಾಯ, ಮದುವೆ, ಸಾವಿನ ಮಾತು ಎಲ್ಲ ಅಲ್ಲೇ. ಸ್ವಲ್ಪ ಹೊತ್ತಿಗೆ ಅವನು ತಿರುಗಿ ಬಂದ. ಲಫ್ತಾ ಆಗಲೇ ದೊಡ್ಡಪ್ಪನ ಮುಂದೆ ಕೂತಿದ್ದಾನಂತೆ, ನನ್ನನ್ನು ತನಗೆ ಒಪ್ಪಿಸಬೇಕೆಂದು ಕೇಳಲು ಹೋಗಿದ್ದಾನಂತೆ.

ನನ್ನ ಲೆಕ್ಕ ಬೇರೆ ಇತ್ತು. ಕತ್ತಲಾಗುವವರೆಗೆ ಎಮ್ಮೆಗಳ ಮಧ್ಯೆ ಅಡಗಿದ್ದು, ಆಮೇಲೆ ದೂರದ ಊರಿಗೆ ಜಾರಿಕೊಳ್ಳುವುದು. ನಾನು ಹುಲಿಯಲ್ಲ, ಪ್ರಾಣದ ಮೇಲೆ ಆಸೆ ಇದ್ದವನು. ಹೆಂಡತಿ ಇದ್ದಾಳೆ, ಮೊಣಕಾಲುಗಳಿವೆ.

"ಎಣಿಕೆ ಎಷ್ಟೊತ್ತಿಗ್ಲಾ?" ಎಂದು ಘನೀಯಾ ಕೇಳಿದಳು.

"ಸಂಜೆ ಬಾಗಿಲು ಹಾಕಿದ ಮೇಲೆ, ಯಮ್ಮಾ."

"ನೀನಿಲ್ದೆ ಎಣಿಸಿದ್ರೆ?"

"ಅವರು ಹೇಳಿದ್ದೇ ಲೆಕ್ಕ."

ಅವಳು ಕೈ ತೊಳೆದು, ಕರಿ ಅಬಾಯಾ ಹೊದ್ದು, ದೋಣಿಯ ಗಳು ಎತ್ತಿಕೊಂಡಳು. "ಹತ್ತು. ನನ್ನ ಅಬಾಯಾದ ಅಂಚು ಹಿಡ್ಕೊ. ಬಿಟ್ಟೀಯ ಜೋಕೆ."

ಹಾಡುಹಗಲಲ್ಲಿ, ಆ ಎರಡು ದೋಣಿಗಳ ನಡುವೆಯೇ ಗಳು ಹಾಕಿದಳು. ಹೆಂಗಸಿನ ಅಬಾಯಾ ಹಿಡಿದವನ ಮೇಲೆ ಕೈ ಮಾಡಿದರೆ ಮೂರು ತಲೆಮಾರಿಗೂ ಹೆಣ್ಣು ಸಿಗುವುದಿಲ್ಲ ಎಂದು ಆ ಪಿಸ್ತೂಲಿನವನಿಗೂ ಗೊತ್ತು. ನಾನು ಅಬಾಯಾದ ಅಂಚನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಘನೀಯಾ ತಿರುಗಿ ನೋಡದೆ ಮೆಲ್ಲಗೆ ಹೇಳಿದಳು: "ಸಲಾಹ್‌ನ ಹೊಡೆದಾಗ ಊರೆಲ್ಲ ಬಾಯಿಗೆ ಬೀಗ ಹಾಕ್ಕೊಂಡಿತ್ತು. ನಾನೂ ಬೆರಣಿ ತಟ್ಕೊಂಡು ಕೂತಿದ್ದೆ. ಅವನವ್ವ ನನ್ನ ಜೊತೆ ಜೊಂಡು ಕೊಯ್ಯೋಳು. ಇವತ್ತಿಗೂ ಅವಳ ಮುಖ ನೋಡಕ್ಕಾಗಲ್ಲ ಕಣ್ಲಾ ನಂಗೆ."

ಮುಧೀಫಿನ ಬಾಗಿಲಲ್ಲಿ ಗಂಡಸರೆಲ್ಲ ಎದ್ದು ನಿಂತರು. ಅದು ಮರ್ಯಾದೆಗಲ್ಲ, ದಿಗಿಲಿಗೆ. ಹೆಂಗಸರು ಅಲ್ಲಿ ಕಾಲಿಡುವುದಿಲ್ಲ. ಘನೀಯಾ ಚಪ್ಪಲಿ ಬಿಟ್ಟು ನೆಟ್ಟಗೆ ಒಳಗೆ ನಡೆದು, ಚಾಪೆಯ ಮೇಲೆ ಕೂತೇಬಿಟ್ಟಳು. ಬಾಲದ ಹಾಗೆ ನಾನು ಹಿಂದೆ. ಎದುರಿಗೆ ಬಿಳಿಗಡ್ಡದ ಶೇಖ್ ನಾಹಿ, ಅವರ ಬಲಕ್ಕೆ ಲಫ್ತಾ. ಲಫ್ತಾನ ಮುಂದೆ ಚಾಪೆಯ ಮೇಲೆ ತುಂಬಿದ ಕಾಫಿಯ ಪುಟ್ಟ ಬಟ್ಟಲು. ಅವನು ಅದನ್ನು ಮುಟ್ಟಿರಲಿಲ್ಲ.

ನಮ್ಮಲ್ಲಿ ದೊಡ್ಡ ಬೇಡಿಕೆ ಹೊತ್ತು ಬಂದವನು ಕೊಟ್ಟ ಕಾಫಿ ಕುಡಿಯುವುದಿಲ್ಲ, ನೆಲಕ್ಕಿಡುತ್ತಾನೆ. "ಕುಡಿ, ನಿನ್ನ ಕೆಲಸ ಆಯಿತು" ಎಂದು ಮನೆಯ ಹಿರಿಯ ಹೇಳುವವರೆಗೆ ಅಲ್ಲಿ ನೀರನ್ನೂ ಬಾಯಿಗೆ ಹಾಕುವಂತಿಲ್ಲ. ಕುಡಿಯದೆ ಎದ್ದುಹೋದರೆ ಆ ಮನೆಯ ಮಾನ ಹೋಯಿತು. ಹೇಳುವ ಮೊದಲೇ ಕುಡಿದನೋ, ಅವನ ಬೇಡಿಕೆ ಹೋಯಿತು.

ಕಾಫಿ ಹಾಕುವ ಮುದುಕ ಝಾಯಿರ್ ಜಬ್ಬಾರ್ ಹೂಜಿ ಹಿಡಿದು ಶೇಖ್ ಮುಖ ನೋಡಿದ. ಹೆಂಗಸಿಗೆ ಹಾಕುವುದೋ ಬೇಡವೋ? ಶೇಖ್ ಕಣ್ಣು ಮುಚ್ಚಿ ತೆರೆದರು. ಜಬ್ಬಾರ್ ಹಾಕಿದ. ಘನೀಯಾ ಬಟ್ಟಲು ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆ, ಲಫ್ತಾನ ಬಟ್ಟಲಿನ ಎದುರಿಗೇ ನೆಲಕ್ಕಿಟ್ಟಳು.

ಎರಡು ಬಟ್ಟಲು, ಒಂದಕ್ಕೊಂದು ತದ್ವಿರುದ್ಧದ ಬೇಡಿಕೆ. ಒಂದಕ್ಕೆ ಹೂಂ ಅಂದರೆ ಇನ್ನೊಂದು ಕುಡಿಯದೆ ಹೋಗುತ್ತದೆ. ಶೇಖ್ ನಾಹಿ ಗಡ್ಡ ಹಿಡಿದುಕೊಂಡರು. ಪಾಪ, ಅತ್ತ ದರಿ ಇತ್ತ ಪುಲಿ.

"ಏನು ಬೇಕು ತಂಗೀ?"

"ಇವನು ನನ್ನ ಮರೆ ಹೊಕ್ಕವ್ನೆ, ನಾಹಿ ಅಣ್ಣಾ. ಇವನ ಮೈ ಮುಟ್ಟಬಾರ್ದು."

"ದೊಡ್ಡಪ್ಪಾ!" ಲಫ್ತಾ ಧ್ವನಿ ಏರಿಸಿದ. "ನನ್ನ ಮಾನ ರೇಡಿಯೋದಲ್ಲಿ ಹರಾಜಿಗಿಟ್ಟಿದ್ದಾನೆ ಇವನು! ನಾನು ಮೊದಲು ಬಂದಿರೋದು. ನನ್ನ ಬಟ್ಟಲು ಮೊದಲು ಇಟ್ಟಿರೋದು."

"ಹೌದಪ್ಪ, ಮೊದ್ಲು ಬಂದೆ," ಎಂದಳು ಘನೀಯಾ. ಆಮೇಲೆ ಅವಳು ಮಾಡಿದ ಕೆಲಸ ನನಗೆ ಆಗ ಅರ್ಥವಾಗಲಿಲ್ಲ. ಅವನನ್ನು ಕೆಣಕತೊಡಗಿದಳು. "ಇವನು ಹೇಳಿದ್ದು ಸುಳ್ಳಾ? ಸುಳ್ಳಾದ್ರೆ ಹೇಳು, ನಾನೇ ಎದ್ದು ಹೋಗ್ತೀನಿ. ಮರೆಪೆಟ್ಟಿಗೆ ಹಿಂದೆ ನಿನ್ನ ಹುಡುಗರು ಏನ್ ಮಾಡ್ತಿದ್ರು, ಗೂಡು ಕಟ್ತಿದ್ರಾ?"

ಲಫ್ತಾ ಹತ್ತು ಮಾತಾಡಿದ. ಅವಳು ಒಂದು ಚುಚ್ಚಿದಳು. ಅವನು ಇಪ್ಪತ್ತು ಮಾತಾಡಿದ. ಭಾಷಣದ ರೂಢಿಯವನು, ನಿಲ್ಲಿಸುವುದು ಗೊತ್ತಿಲ್ಲ. ರಸ್ತೆ ತರುತ್ತೇನೆ, ಕರೆಂಟು ತರುತ್ತೇನೆ, ಬಾಯಿಬಡುಕರಿಗೆ ಬುದ್ಧಿ ಕಲಿಸುತ್ತೇನೆ ಎಂದು ಕೂಗಿದ. ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿಯ ಅಂಚಿಗೆ ಬಿಳಿ ನೊರೆ ಕಟ್ಟಿತ್ತು. ಘನೀಯಾ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಕೂತಿದ್ದಳು.

"ನೀರು ತರ್ತೀಯೇನಪ್ಪ?" ಎಂದಳು ಕೊನೆಗೆ. "ರಸ್ತೆ ಕುಡಿಯಕ್ಕಾಗಲ್ಲ. ಉಪ್ಪು ಏರಿದ ವರ್ಷ ನೀರು ಚೆನ್ನಾಗೈತೆ ಅಂದೋರೆಲ್ಲ ನಿನ್ನ ಹಾಗೇ ಬೂಟು ಹಾಕಿದ್ರು. ಸುಳ್ಳು ಅಂತ ಹೇಳಿದೋನು ಈ ಒದ್ದೆಕೋಳಿ ಒಬ್ಬನೇ. ಇವನ ಬಾಯಿ ಹೊಲಿದ್ರೆ ನಾಳೆ ನಮ್ಗೆ ಯಾರು ಹೇಳ್ತಾರೆ? ನೀನು ಹೇಳ್ತೀಯಾ?"

"ಹೇಳ್ತೀನಿ! ಯಾಕೆ ಹೇಳಲ್ಲ? ನಾನೇ ಹೇಳ್ತೀನಿ!" ಎಂದು ಅರಚಿದ ಲಫ್ತಾ. ಗಂಟಲು ಕಟ್ಟಿ ಕೆಮ್ಮು ಬಂತು. ಕೆಮ್ಮುತ್ತಲೇ ಕೈ ಚಾಚಿ, ಮುಂದಿದ್ದ ಬಟ್ಟಲು ಎತ್ತಿ, ಗಟಕ್ಕನೆ ಕುಡಿದುಬಿಟ್ಟ.

ಝಾಯಿರ್ ಜಬ್ಬಾರನ ಕೈಯಲ್ಲಿದ್ದ ಹೂಜಿ ಕೆಳಗೆ ಬಿತ್ತು. ಮೂಲೆಯಲ್ಲಿ ಯಾರೋ "ಅಯ್ಯಯ್ಯೋ" ಎಂದರು. ಲಫ್ತಾ ಖಾಲಿ ಬಟ್ಟಲನ್ನು ನೋಡಿದ, ಎಲ್ಲರನ್ನೂ ನೋಡಿದ, ಮತ್ತೆ ಬಟ್ಟಲನ್ನು ನೋಡಿದ. ಬಾಗ್ದಾದಿನಲ್ಲಿ ಬಟ್ಟಲು ಇಡುವುದೇ ಕುಡಿಯಲಿಕ್ಕೆ. ಹದಿನೈದು ವರ್ಷದ ಕೈರೂಢಿ ಒಂದೇ ಗುಟುಕಿಗೆ ಅವನನ್ನು ಮುಳುಗಿಸಿತ್ತು.

ಶೇಖ್ ನಾಹಿ ಉಸಿರು ಬಿಟ್ಟರು. ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಬಿಡುಗಡೆ. "ನಮ್ಮ ಹುಡುಗ ಕುಡಿದುಬಿಟ್ಟ. ಅವನ ಬೇಡಿಕೆ ಮುಗೀತು. ಘನೀಯಾ, ನೀನು ಕುಡಿಯಮ್ಮ. ಇವನನ್ನ ಯಾರೂ ಮುಟ್ಟಲ್ಲ, ನಿನ್ನ ಕೆಲಸ ಆಯ್ತು."

ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆ ಏನು ಬಂತು ಹೇಳಲು? ಆದರೆ ಘನೀಯಾ ಬಟ್ಟಲು ಮುಟ್ಟಲಿಲ್ಲ.

"ಅರ್ಧ ಆಯ್ತು ಅಣ್ಣಾ. ಪ್ರಾಣ ಉಳಿಸಿ ಬಾಯಿ ಕಟ್ಟಿದ್ರೆ, ಎಮ್ಮೆ ಉಳಿಸಿ ಕೆಚ್ಚಲು ಕೊಯ್ದ ಹಾಗೆ. ಇವನು ಶಾಲೆಗೆ ಹೋಗ್ಬೇಕು. ಎಣಿಸೋ ಕೋಣೇಲಿ ನಿಂತು, ಕಂಡಿದ್ದನ್ನ ಕಂಡ ಹಾಗೆ ಹೇಳ್ಬೇಕು. ಹೇಳಿ, ನಡ್ಕೊಂಡು ಇಲ್ಲಿಗೆ ಬರ್ಬೇಕು. ಆಮೇಲೆ ಕುಡೀತೀನಿ."

"ಅಲ್ಲೀವರೆಗೆ?"

"ಇಲ್ಲೇ ಕೂತಿರ್ತೀನಿ. ರೇಡಿಯೋ ಇದ್ರೆ ಹಾಕಿಸಿ."

ಶೇಖ್ ಆ ಬಟ್ಟಲಿನ ಕಡೆ ನೋಡಿ, ಕಂಬಕ್ಕೆ ರೇಡಿಯೋ ನೇತುಹಾಕಲು ಜಬ್ಬಾರನಿಗೆ ಸನ್ನೆ ಮಾಡಿದರು. ಮಾತು ಕೊಟ್ಟರೆ ಸಾಲದು, ಮಾತು ನಡೆಯುವವರೆಗೆ ಅವರ ಮಾನ ಚಾಪೆಯ ಮೇಲೆ ಆರುತ್ತಾ ಕೂತಿರುತ್ತದೆ. ನನ್ನ ಕಡೆ ತಿರುಗಿ, "ಎದ್ದೇಳಯ್ಯ," ಎಂದರು. ತಮ್ಮ ಹಿರಿಯ ಮಗ ಸಗ್ಬಾನ್‌ನನ್ನು ಕರೆದು ನನ್ನ ಜೊತೆ ಕಳಿಸಿದರು. ಒಣ ಅಂಗಿಯನ್ನೂ ಕೊಡಿಸಿದರು.

ಶಾಲೆಯಲ್ಲಿ ಸಗ್ಬಾನ್ ಹೆಚ್ಚು ಮಾತಾಡಲಿಲ್ಲ. ಮರೆಪೆಟ್ಟಿಗೆಯ ಹಿಂದಿದ್ದವರನ್ನು ನೋಡಿ, "ಮನೇಲಿ ಕೆಲಸ ಇಲ್ವೇನ್ರೋ?" ಎಂದ. ಅವರು ಹೋದರು. ಸಂಜೆ ಬಾಗಿಲು ಹಾಕಿ ಒಂದೊಂದೇ ಕಾಗದ ಎತ್ತಿ ತೋರಿಸಿ ಎಣಿಸಿದರು. ನಾನು ಗೋಡೆಗೆ ಒರಗಿ ನಿಂತು ಒಂದೊಂದನ್ನೂ ರೇಡಿಯೋಗೆ ಹೇಳಿದೆ. ಮೊದಮೊದಲು ಮಾತು ಅವಸರಕ್ಕೆ ಬಿದ್ದು ಎಡವುತ್ತಿತ್ತು. ಆಮೇಲೆ ಎಲ್ಲೋ ಒಂದು ಹಜಾರದಲ್ಲಿ ಒಬ್ಬ ಹೆಂಗಸು ಬಾಯಾರಿ ಕೂತು ಇದನ್ನು ಕೇಳುತ್ತಿದ್ದಾಳೆ ಎಂದು ನೆನೆದೆ. ದನಿ ತಾನಾಗಿಯೇ ನೆಟ್ಟಗಾಯಿತು. ಆ ಶಾಲೆಯಲ್ಲಿ ಲಫ್ತಾ ಮೂರನೆಯವನಾಗಿ ಬಂದಿದ್ದ. ಅದನ್ನೂ ಹೇಳಿ, ಕೊನೆಗೆ ರೂಢಿಯಂತೆ ನೀರಿನ ಉಪ್ಪು ಎಷ್ಟೆಂದೂ ಹೇಳಿ ಮುಗಿಸಿದೆ.

ತಿರುಗಿ ಬಂದಾಗ ಮುಧೀಫಿನಲ್ಲಿ ದೀಪ ಹಚ್ಚಿದ್ದರು. ರೇಡಿಯೋ ಕಂಬಕ್ಕೆ ನೇತಾಡುತ್ತಿತ್ತು. ಅದರ ಸುತ್ತ ಊರಿನ ಗಂಡಸರೆಲ್ಲ, ಬಾಗಿಲಾಚೆ ಹೆಂಗಸರು. ಲಫ್ತಾ ಯಾವಾಗಲೋ ಎದ್ದುಹೋಗಿದ್ದ. ಹೆಂಗಸರ ನಡುವೆ ಸಲಾಹ್‌ನ ತಾಯಿ ನಿಂತಿದ್ದಳು. ಘನೀಯಾ ಅದೇ ಜಾಗದಲ್ಲಿ, ಅದೇ ಬಟ್ಟಲಿನ ಮುಂದೆ ಕೂತಿದ್ದಳು. ತುಟಿ ಒಡೆದಿತ್ತು.

"ಬಂದೇನ್ಲಾ? ಕೂತ್ಕೊ ಇಲ್ಲಿ ನನ್ನ ಎದುರಿಗೆ."

ಕೂತೆ.

"ಹಂಗಲ್ಲ. ಸರಿಯಾಗಿ ಕೂತ್ಕೊ. ಎರಡೂ ಮೊಣಕಾಲು ಮಡಚಿ."

ನಾನು ಎರಡೂ ಮೊಣಕಾಲು ಮಡಚಿ ಚಾಪೆಯ ಮೇಲೆ ಕೂತೆ. ಅವಳು ಸಗಣಿ ವಾಸನೆಯ ಕೈಯಿಂದ ಮೊದಲು ಎಡ ಮೊಣಕಾಲು ಮುಟ್ಟಿದಳು, ಆಮೇಲೆ ಬಲ ಮೊಣಕಾಲು. ತಿರುಗಿ ಬಾಗಿಲ ಕಡೆ ನೋಡಿದಳು. ಸಲಾಹ್‌ನ ತಾಯಿ ಅಲ್ಲಿಂದಲೇ ತಲೆಯಾಡಿಸಿದಳು.

"ಯಮ್ಮಾ," ಎಂದು ನಾನು ಮೆಲ್ಲಗೆ ಕೇಳಿದೆ, "ಅವನು ಕುಡಿದೇ ಕುಡೀತಾನೆ ಅಂತ ನಿನಗೆ ಹೇಗೆ ಗೊತ್ತಿತ್ತು?"

"ವೋಟು ಹಾಕಿ ಬಂದೋರು ಆಗ್ಲೇ ಹೇಳಿದ್ರು ಕಣ್ಲಾ. ಬೆಳಿಗ್ಗೇನೇ ವೋಟಿನವರಿಗೆಲ್ಲ ಒಣ ಉಪ್ಪುಮೀನಿನ ಸಾರು ಹಾಕ್ಸಿ, ತಾನೂ ಎರಡು ತಟ್ಟೆ ಬಾರ್ಸಿದ್ನಂತೆ. ಉಪ್ಪು ತಿಂದೋನು ನೀರು ಕುಡೀಲೇಬೇಕಲ್ವೇನ್ಲಾ?"

ಶೇಖ್ ನಾಹಿಯೇ ಮೊದಲು ನಕ್ಕರು. ಆಮೇಲೆ ಹಜಾರವೆಲ್ಲ ನಕ್ಕಿತು. ಘನೀಯಾ ಮಾತ್ರ ನಗದೆ ಬಟ್ಟಲು ಎತ್ತಿ, ಕಣ್ಣು ಮುಚ್ಚಿ, ಮಧ್ಯಾಹ್ನದಿಂದ ಆರಿ ತಣ್ಣಗಾಗಿದ್ದ ಕಾಫಿಯನ್ನು ಕೊನೆಯ ಹನಿಯವರೆಗೆ ಕುಡಿದಳು.

"ಥೂ! ವಿಷದ ಹಂಗೈತೆ," ಎಂದು ಮುಖ ಕಿವುಚಿ, ಬಟ್ಟಲನ್ನು ಜಬ್ಬಾರನ ಕಡೆ ಚಾಚಿದಳು. "ಬಿಸೀದು ಹಾಕಪ್ಪ ಝಾಯಿರ್. ಬೇಗ ಹಾಕು, ಎಮ್ಮೆ ಕಾಯ್ತಿರ್ತವೆ."